ಸರಸಕ್ಕನ ಕಿವಿ

ಕಳೆದ ಕ್ರಿಸ್ಮಸ್‌ಗೆ ಪಕ್ಕದ ಮನೆಯ ಐರಿನ್ ಬಾಯಿ ಹಬ್ಬದ ತಿಂಡಿ ಕುಸ್ವಾರಿನ ತಟ್ಟೆಯ ಜೊತೆ ಒಂದು ಸಣ್ಣ ಬಾಟಲಿಯನ್ನೂ ತಂದುಕೊಟ್ಟರು. ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನು, ಜೀರ್ಣಕ್ಕೆ ಒಳ್ಳೆಯದು, ಊಟ ಆದ ಮೇಲೆ ಒಂದು ಚಮಚ ತೆಗೆದುಕೊಳ್ಳಿ ಎಂದರು. ಜೀರ್ಣಕ್ಕೆ ಒಳ್ಳೆಯದು ಎಂಬ ಒಂದೇ ಮಾತಿನ ಮೇಲೆ ಒಂದು ಮನೆತನ ಎದ್ದು ನಿಂತದ್ದನ್ನು ನಾನು ನೋಡಿದವಳು. ಅವರು ಹೋದ ಮೇಲೆ ಬಿರಡೆ ತೆಗೆದು ಮೂಗಿಗೆ ಹಿಡಿದೆ. ಒಣದ್ರಾಕ್ಷಿ, ಬೆಲ್ಲ, ಅದರ ಅಡಿಯಲ್ಲಿ ಮೂಗಿಗೆ ಚುಚ್ಚುವ ಒಂದು ಹುಳಿ. ನಿಂತಲ್ಲಿಗೇ ತಲೆ ತಿರುಗಿ ಅಡುಗೆಮನೆಯ ಕಟ್ಟೆ ಹಿಡಿದುಕೊಂಡೆ. ಮೂಡಬಿದಿರೆಯ ಈ ಮನೆಯಲ್ಲಿ ಮಗ ಸೊಸೆ ಇದ್ದಾರೆ, ಅವರಿಗೆ ಏನು ಹೇಳುವುದು? ರಕ್ತದೊತ್ತಡ ಎಂದೆ.

ಬಂಟ್ವಾಳ ಪೇಟೆಯಲ್ಲಿ ನನ್ನ ಗಂಡನ ಮನೆಗೆ ಆಸವದ ಮನೆ ಎಂದೇ ಹೆಸರು. ಮಾವ ದೊಡ್ಡ ಪಂಡಿತರು. ಅವರ ಅಜ್ಜನ ಕಾಲದಿಂದ ಅಲ್ಲಿ ದ್ರಾಕ್ಷಾಸವ ಮಾಡುತ್ತಿದ್ದರು. ಬಾಣಂತಿಯರಿಗೆ, ಜ್ವರದಿಂದ ಎದ್ದವರಿಗೆ, ಹಸಿವೆಯಾಗದ ಮುದುಕರಿಗೆ ಕೊಡುವ ಮದ್ದು. ಅದರಿಂದ ಮನೆ ನಡೆಯುತ್ತಿತ್ತು ಅಷ್ಟೆ. ಆಮೇಲೆ ಮದರಾಸು ಸರಕಾರ ಪಾನನಿರೋಧ ತಂದಿತು. ಹೆಂಡದ ಗಡಂಗು ಮುಚ್ಚಿದ ದಿನದಿಂದ ಇಡೀ ತಾಲೂಕಿಗೆ ಅಜೀರ್ಣ ಹಿಡಿಯಿತು ನೋಡಿ! ಪಾಣೆಮಂಗಳೂರಿನಿಂದ ಚಾರ್ಮಾಡಿಯವರೆಗೆ ಗಟ್ಟಿಮುಟ್ಟಾದ ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಮ್ಮ ಜಗಲಿಯಲ್ಲಿ ಸಾಲು ನಿಂತರು. ಅವರನ್ನು ಹಿಡಿಯಬೇಕಾದವರಿಗೂ ಅಜೀರ್ಣವೇ. ಮಾವ ಪ್ರತಿಯೊಬ್ಬರ ನಾಡಿ ಹಿಡಿದು, ಗಂಭೀರವಾಗಿ ಕಣ್ಣು ಮುಚ್ಚಿ, ಎರಡು ಬಾಟಲಿ ಎಂದು ಹೇಳುತ್ತಿದ್ದರು. ನಾನು ಸೊಸೆಯಾಗಿ ಹೋಗುವ ಹೊತ್ತಿಗೆ ಆ ಮನೆಗೆ ಮಹಡಿ ಬಂದಿತ್ತು, ಪೇಟೆಯಲ್ಲಿ ನಾಲ್ಕು ಅಂಗಡಿಕೋಣೆ ಬಂದಿತ್ತು, ಮಾವನಿಗೂ ಅವರ ಅಣ್ಣತಮ್ಮಂದಿರಿಗೂ ಮಾತು ನಿಂತಿತ್ತು.

ನಾನು ಮುಂಡಾಜೆಯವಳು. ಮದುವೆಯಾದಾಗ ಹತ್ತೊಂಬತ್ತು. ಮರುವರ್ಷ ನಮ್ಮ ಜಿಲ್ಲೆ ಮದರಾಸಿನಿಂದ ಮೈಸೂರಿಗೆ ಸೇರಿತು. ನಾನು ಹೇಳುತ್ತಿರುವುದು ಅದಕ್ಕೆ ಮುಂಚಿನ ಮಳೆಗಾಲದ ಮಾತು.

ಮನೆಯಲ್ಲಿ ಮೂವರು ಗಂಡುಮಕ್ಕಳು. ದೊಡ್ಡವರು ನಾನು ಹೋಗುವ ಮೊದಲೇ ತೀರಿಕೊಂಡಿದ್ದರು. ಅವರ ಹೆಂಡತಿಯೇ ಸರಸಕ್ಕ. ಎಂಟು ವರ್ಷದ ಮಗಳು ಉಮಾ. ಎರಡನೆಯವರು ವಾಸು ಭಾವ, ಅಂಗಡಿ ನೋಡಿಕೊಳ್ಳುತ್ತಿದ್ದರು, ಅವರ ಹೆಂಡತಿ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಮೂರನೆಯವರು ನಮ್ಮವರು. ಅವರು ಏನು ನೋಡಿಕೊಳ್ಳುತ್ತಿದ್ದರು ಎಂದು ಕೇಳಿದರೆ, ವಾಸು ಭಾವನ ಮುಖ ನೋಡಿಕೊಳ್ಳುತ್ತಿದ್ದರು ಎನ್ನಬೇಕು.

ಆಸವದ ಕೋಣೆ ಮನೆಯ ಹಿಂಭಾಗದಲ್ಲಿತ್ತು. ಕಿಟಕಿ ಇಲ್ಲ, ಗಾಳಿ ಇಲ್ಲ. ಸೊಂಟದೆತ್ತರ ಭತ್ತದ ಉಮಿ ತುಂಬಿ ಅದರಲ್ಲಿ ಭರಣಿಗಳನ್ನು ಕುತ್ತಿಗೆಯವರೆಗೆ ಹೂತಿಡುತ್ತಿದ್ದರು. ಒಣದ್ರಾಕ್ಷಿಯ ಕಷಾಯ, ಬೆಲ್ಲ, ಹಿಪ್ಪಲಿ, ಏಲಕ್ಕಿ, ಕೊನೆಗೆ ಹುದುಗು ಬರಲು ಒಣಗಿಸಿದ ಧಾತಕಿ ಹೂವು. ಬಾಯಿಗೆ ಬಟ್ಟೆ ಕಟ್ಟಿ ಮೇಲೆ ಮಣ್ಣು ಮೆತ್ತಿದರೆ ಆಯಿತು, ಒಳಗಿನ ಕೆಲಸ ಮುಗಿಯುವವರೆಗೆ ತೆರೆಯುವಂತಿಲ್ಲ. ಮುಗಿಯಿತೋ ಇಲ್ಲವೋ ಎಂದು ತಿಳಿಯಬೇಕಾದರೆ ಭರಣಿಗೆ ಕಿವಿಯಿಟ್ಟು ಕೇಳಬೇಕು. ಹುದುಗು ಏಳುವಷ್ಟು ದಿನ ಒಳಗೆ ಕೊತಕೊತ ಸದ್ದು ಇರುತ್ತದೆ. ಭರಣಿ ಮಾತಾಡ್ತಾ ಉಂಟು ಎನ್ನುತ್ತಿದ್ದರು ಮನೆಯಲ್ಲಿ. ಮಾತು ಪೂರಾ ನಿಂತ ದಿನ ತೆಗೆಯುವುದು. ಬೇರೆ ಪಂಡಿತರು ಬಾಯಿ ತೆರೆದು ಬೆಂಕಿಕಡ್ಡಿ ಹಿಡಿದು, ಕಡ್ಡಿ ನಂದಿತೇ ಉರಿಯಿತೇ ಎಂದು ಪರೀಕ್ಷೆ ಮಾಡುತ್ತಾರಂತೆ. ಮಾವನಿಗೆ ಅವರನ್ನು ಕಂಡರೆ ತಾತ್ಸಾರ. ಕಡ್ಡಿ ಗೀರುವವ ಪಂಡಿತನಾ, ಬೀಡಿ ಸೇದುವವನಾ ಎಂದು ಹೀಯಾಳಿಸುತ್ತಿದ್ದರು. ನಮ್ಮ ವಂಶದ ಕಿವಿ, ನಮ್ಮ ವಂಶದ ಕಿವಿ ಎಂದು ಬಂದವರ ಮುಂದೆಲ್ಲ ಜಂಬ.

ಆ ಕಿವಿ ಕೇಳುತ್ತಿರಲಿಲ್ಲ.

ಮಾವ ಕಿವುಡರಾಗಿದ್ದರು. ಪೂರ್ತಿಯಲ್ಲ, ಎದುರು ನಿಂತು ಗಟ್ಟಿಯಾಗಿ ಹೇಳಿದರೆ ತಿಳಿಯುತ್ತಿತ್ತು, ತುಟಿ ನೋಡಿ ಅರ್ಧ ಊಹಿಸುತ್ತಿದ್ದರು. ದೊಡ್ಡವರ ಎದುರು ಮೆಲ್ಲಗೆ ಮಾತಾಡಬಾರದು ಎಂದು ಮನೆಯಲ್ಲಿ ಒಂದು ಕಟ್ಟಳೆ ಮಾಡಿದ್ದರು, ಅದು ಮರ್ಯಾದೆಗೆ ಎಂದು ಎಲ್ಲರೂ ತಿಳಿದಿದ್ದರು. ನಿಜ ಗೊತ್ತಿದ್ದದ್ದು ಸರಸಕ್ಕನಿಗೆ. ದಿನಾ ಬೆಳಗ್ಗೆ ಮಾವನ ಹಿಂದೆ ಹಿಡಿಸೂಡಿ ಹಿಡಿದು ಕೋಣೆಗೆ ಹೋಗುತ್ತಿದ್ದರು, ಗುಡಿಸುವ ನೆವ. ಒಂದೊಂದು ಭರಣಿಯ ಹತ್ತಿರವೂ ಬಗ್ಗಿ ಕಿವಿಗೊಡುತ್ತಿದ್ದರು. ಮಾತು ಇದ್ದರೆ ಹಿಡಿಸೂಡಿ ಕೈಯಲ್ಲೇ ಇರುತ್ತಿತ್ತು, ನಿಂತಿದ್ದರೆ ಕೆಳಗಿಡುತ್ತಿದ್ದರು. ಮಾವ ಅದನ್ನು ನೋಡಿ, ಆಮೇಲೆ ತಾನು ಕಿವಿಯಿಟ್ಟು, ಕಣ್ಣು ಮುಚ್ಚಿ ತೀರ್ಪು ಹೇಳುತ್ತಿದ್ದರು. ಹೊಸ ಸೊಸೆ, ಮಾಡಲು ಕೆಲಸ ಕಮ್ಮಿ, ನನ್ನ ಕಣ್ಣಿಗೆ ಇದು ತಿಂಗಳೊಳಗೆ ಬಿತ್ತು. ಒಂದು ದಿನ ಕೇಳಿಯೇಬಿಟ್ಟೆ. ಸರಸಕ್ಕ ನನ್ನ ಬಾಯಿಗೆ ಕೈ ಅಡ್ಡ ಹಿಡಿದು, ಅವರು ದೊಡ್ಡವರು ಸುಮತಿ, ಅವರ ಮಾನ ನಮ್ಮ ಕೈಯಲ್ಲಿ ಉಂಟು ಎಂದರು. ಅಷ್ಟು ಒಳ್ಳೆಯವರಾಗಬಾರದು ಮನುಷ್ಯರು. ಇವತ್ತಿಗೂ ನನಗೆ ಆ ಮಾತು ನೆನಪಾದರೆ ಅವರ ಮೇಲೆಯೇ ಸಿಟ್ಟು ಬರುತ್ತದೆ.

ಗಂಡ ಸತ್ತ ಮೇಲೆ ಸರಸಕ್ಕ ಮಲಗುತ್ತಿದ್ದದ್ದೂ ಆ ಕೋಣೆಯ ಬಾಗಿಲ ಎದುರು, ಮಗಳನ್ನು ಪಕ್ಕಕ್ಕೆ ಹಾಕಿಕೊಂಡು. ಹಗಲು ಅಕ್ಕಿ ಆರಿಸುವುದು, ತರಕಾರಿ ಹೆಚ್ಚುವುದು, ಎಲ್ಲ ಅಲ್ಲೇ ಕೂತು. ಅತ್ತೆಗೆ ಇದು ಕಣ್ಣಿಗೆ ಕಸ. ಕುಂಕುಮ ಇಲ್ಲದವಳು ಭರಣಿಯ ಹತ್ತಿರ ಸುಳಿಯುವುದೇ ಅಪಶಕುನ ಎಂದು ದಿನಕ್ಕೊಮ್ಮೆ ಗೊಣಗುತ್ತಿದ್ದರು. ಮಾವ ಮಾತ್ರ, ಮದ್ದು ಕುಂಕುಮ ನೋಡುವುದಿಲ್ಲ ಎಂದು ಬಾಯಿ ಮುಚ್ಚಿಸುತ್ತಿದ್ದರು. ಎಷ್ಟು ದೊಡ್ಡ ಮನಸ್ಸು ಎಂದು ಮೊದಮೊದಲು ನಾನು ಅಂದುಕೊಂಡಿದ್ದೆ.

ಚೌತಿಯ ದಿನ ಊಟಕ್ಕೆ ಕೂತಾಗ ಮಾವ ಬಾಂಬು ಹಾಕಿದರು. ಈಗ ಹೊಸ ಕಾನೂನು ಬಂದಿದೆ, ವಿಧವೆಗೂ ಪಾಲು ಉಂಟು ಎಂದು ವಕೀಲರು ಹೇಳಿದ್ದಾರೆ, ಹೇಗೂ ಕೊಡಬೇಕಾದರೆ ಆಸವದ ಕೋಣೆಯನ್ನೂ ಅದರ ಪರವಾನಗಿಯನ್ನೂ ಹಿರಿಸೊಸೆ ಸರಸ್ವತಿಯ ಹೆಸರಿಗೆ ಮಾಡುತ್ತೇನೆ, ನವರಾತ್ರಿಗೆ ಭರಣಿ ತೆಗೆದ ಮೇಲೆ ಬರೆಯಿಸುವುದು ಎಂದರು. ಅಂಗಡಿಗಳು ಉಳಿದ ಇಬ್ಬರಿಗೆ. ಬಡಿಸುತ್ತಿದ್ದ ಅತ್ತೆಯ ಕೈ ಅಲ್ಲೇ ನಿಂತಿತು. ವಾಸು ಭಾವ ತಲೆಯೆತ್ತದೆ ಪಾಯಸ ಸುರಿದುಕೊಂಡರು. ಆಸವ ಇಲ್ಲದ ಅಂಗಡಿಯಲ್ಲಿ ಏನು ಮಾರುವುದು, ಹಿಂಗಾ? ಒಳಗೆ ಸರಸಕ್ಕ ಕಂಬಕ್ಕೆ ಒರಗಿ ನಿಂತು ಅಳುತ್ತಿದ್ದರು. ಉಮಾಳನ್ನು ಓದಿಸಬಹುದು ಸುಮತಿ, ಯಾರ ಮನೆಯ ಜಗಲಿಯಲ್ಲೂ ಕೂರಬೇಕಾಗಿಲ್ಲ ಎಂದು ನನ್ನ ಕೈ ಹಿಡಿದು ಹಿಂಡಿದರು. ಅವರಿಗೆ ಬೇಕಿದ್ದದ್ದು ಅಷ್ಟೇ, ತನ್ನದು ಎನ್ನುವ ಒಂದು ಬಾಗಿಲು.

ಆ ಮೇಲಿನ ವಾರ ನೇತ್ರಾವತಿ ಉಕ್ಕಿ ಕೆಳಗಿನ ಪೇಟೆಗೆ ನೆರೆ ನುಗ್ಗಿತು. ಅಂಗಡಿಯ ಸಾಮಾನೆಲ್ಲ ಮಹಡಿಗೆ ಹೊತ್ತದ್ದರಲ್ಲಿ ನಾನೂ ಇದ್ದೆ. ಮೂರು ತಿಂಗಳ ಬಸುರಿ, ಬೇಡ ಎನ್ನುವವರು ಯಾರೂ ಇರಲಿಲ್ಲ. ಮರುದಿನ ಬೆಳಗ್ಗೆ ರಕ್ತ ಹೋಗಲು ಶುರುವಾಯಿತು. ಹಿತ್ತಿಲ ಸಣ್ಣ ಕೋಣೆಯಲ್ಲಿ, ಹೊರಗಾದವರು ಕೂರುವಲ್ಲಿ, ನನ್ನನ್ನು ಮಲಗಿಸಿದರು. ಅತ್ತೆ ಮಡಿಯಲ್ಲಿದ್ದೇನೆಂದು ಬಾಗಿಲಿಂದಲೇ ಇಣುಕಿ ಹೋದರು. ನಮ್ಮವರು ಪಾಣೆಮಂಗಳೂರಿನಿಂದ ನರ್ಸಮ್ಮನನ್ನು ಕರೆದುಕೊಂಡು ಬರ್ತೇನೆ ಎಂದು ಕೊಡೆ ಹಿಡಿದು ಹೊರಟರು. ಆಗ ಸರಸಕ್ಕ ಆಸವದ ಕೋಣೆಯ ಬಾಗಿಲು ಬಿಟ್ಟು ಎದ್ದು ಬಂದರು. ನಾನು ಮುಟ್ಟಬೇಡಿ ಎಂದರೆ, ಬಾಯಿ ಮುಚ್ಚು ಎಂದು ಗದರಿಸಿ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಬೆಳಗ್ಗಿನಿಂದ ಸಂಜೆಯವರೆಗೆ ಏಳಲಿಲ್ಲ. ಬಟ್ಟೆ ಬದಲಾಯಿಸಿದರು, ನೀರು ಕುಡಿಸಿದರು, ಕೊನೆಗೆ ಹೋದದ್ದನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಅವರೇ ತೆಗೆದುಕೊಂಡು ಹೋದರು. ಗಂಡೋ ಹೆಣ್ಣೋ ಹೇಳಿ ಎಂದರೆ ಹೇಳಲಿಲ್ಲ. ನಮ್ಮವರು ದೀಪ ಹಚ್ಚುವ ಹೊತ್ತಿಗೆ ಬಂದರು. ನೆರೆಯಿಂದ ದಾರಿಯೇ ಇಲ್ಲ, ನರ್ಸಮ್ಮ ಸಿಗಲಿಲ್ಲ ಎಂದರು. ಪಾಪ ಎನಿಸಿತು ನನಗೆ, ಎಷ್ಟು ಅಲೆದರೋ ಎಂದು.

ನವರಾತ್ರಿಯಲ್ಲಿ ಭರಣಿ ತೆಗೆದರು. ಮೊದಲನೆಯದರ ಮಣ್ಣು ಒಡೆದು ಬಟ್ಟೆ ಬಿಚ್ಚಿದ್ದೇ ತಡ, ಚಾವಡಿಯವರೆಗೆ ಹುಳಿ ಬಡಿಯಿತು. ಎರಡನೆಯದೂ ಹಾಗೆ, ಮೂರನೆಯದೂ ಹಾಗೆ. ಆ ಸಾಲಿನ ಒಂದೇ ಒಂದು ಭರಣಿ ಉಳಿದಿರಲಿಲ್ಲ. ಎಲ್ಲವನ್ನೂ ಚರಂಡಿಗೆ ಸುರಿಯಬೇಕಾಯಿತು. ಪೇಟೆಯ ಅಜೀರ್ಣದವರು ಚೆಂಬು ಪಾತ್ರೆ ಹಿಡಿದು ಓಡಿ ಬಂದು ಚರಂಡಿಯಿಂದ ಬಳಿದುಕೊಂಡರು. ಹುಳಿಯಾದರೇನು, ತಲೆಗೆ ಹತ್ತಿದರೆ ಸಾಕು ಅವರಿಗೆ.

ಸಂಜೆ ಚಾವಡಿಯಲ್ಲಿ ಎಲ್ಲರೂ ಕೂತರು. ಮಾವ ಮಣೆಯ ಮೇಲೆ, ಎದುರು ವಾಸು ಭಾವ, ಅವರ ಹಿಂದೆ ನಮ್ಮವರು, ನಡುಬಾಗಿಲಲ್ಲಿ ಅತ್ತೆ. ಸರಸಕ್ಕನನ್ನು ಅಂಗಳದಲ್ಲಿ ನಿಲ್ಲಿಸಿದ್ದರು. ಅತ್ತೆಯೇ ಶುರುಮಾಡಿದರು. ನೆರೆ ಬಂದ ವಾರ ಇವಳು ಹೊರಗಾಗಿದ್ದಳು, ಬಾಯಿ ಬಿಡದೆ ಆಸವದ ಕೋಣೆಗೆ ಹೋಗಿದ್ದಾಳೆ, ಬಟ್ಟೆ ಒಗೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ ಎಂದರು. ಹೊರಗಾದವಳ ನೆರಳು ಬಿದ್ದರೂ ಆಸವ ಹುಳಿಯಾಗುತ್ತದೆ ಎಂಬುದು ಆ ಮನೆಯಲ್ಲಿ ಚಿಕ್ಕ ಮಗುವಿಗೂ ಗೊತ್ತು. ಸರಸಕ್ಕ ನಾಚಿಕೆಯಿಂದ ತಲೆ ತಗ್ಗಿಸಿದರು. ಗಂಡಸರ ಎದುರು ಆ ಮಾತಿಗೆ ಏನೆಂದು ಉತ್ತರ ಕೊಡುವುದು?

ನನಗೆ ತಡೆಯಲಿಲ್ಲ. ಬಾಗಿಲ ಸಂದಿಯಿಂದ ಎದ್ದು ಚಾವಡಿಗೇ ಬಂದೆ. ಮದುವೆಯಾಗಿ ಬಂದ ಮೇಲೆ ಮಾವನ ಎದುರು ನಾನು ಬಾಯಿ ತೆರೆದದ್ದು ಅದೇ ಮೊದಲು.

"ಅತ್ತೆ ಹೇಳಿದ್ದು ಸುಳ್ಳು" ಎಂದೆ. "ಆ ವಾರ ಹೊರಗೆ ಇದ್ದದ್ದು ನಾನು. ಒಗೆದದ್ದು ನನ್ನ ಬಟ್ಟೆ. ನಾನು ಸಾಯ್ತಾ ಇದ್ದೆ, ಸರಸಕ್ಕ ಬೆಳಗ್ಗಿನಿಂದ ಸಂಜೆವರೆಗೆ ನನ್ನನ್ನು ಹಿಡಿದುಕೊಂಡು ಕೂತಿದ್ದರು."

ಹೇಳಿ ಮುಗಿಸಿದಾಗ ಗೆದ್ದೆ ಎಂದೇ ಅಂದುಕೊಂಡೆ. ಅತ್ತೆಯ ಮುಖ ಕಪ್ಪಿಟ್ಟಿತ್ತು. ಆದರೆ ವಾಸು ಭಾವ ಮೆಲ್ಲಗೆ ನನ್ನ ಕಡೆ ತಿರುಗಿದರು. ಅಂಗಡಿಯಲ್ಲಿ ಗಿರಾಕಿಯ ಜೊತೆ ಮಾತಾಡುವ ದನಿ.

"ಹಿಡಿದುಕೊಂಡು ಕೂತಿದ್ದರಾ?"

"ಹೌದು."

ಭಾವ ಸರಸಕ್ಕನ ಕಡೆ ನೋಡಿದರು. "ಆ ದಿನ ಸಂಜೆ ಆಸವದ ಕೋಣೆಗೆ ಹೋಗಿದ್ದಿರಲ್ಲ ಅತ್ತಿಗೆ. ಮಿಂದು ಹೋದದ್ದಾ?"

ಆ ಪ್ರಶ್ನೆ ಎಲ್ಲಿಗೆ ಹೋಗುತ್ತದೆಂದು ಆಗ ನನಗೆ ಹೊಳೆಯಿತು. ಹೊರಗಾದವಳನ್ನು ಮುಟ್ಟಿದರೆ ಮುಟ್ಟಿದವಳೂ ಮೈಲಿಗೆ, ತಲೆಗೆ ಮಿಂದ ಹೊರತು ಎಲ್ಲಿಗೂ ಹೋಗುವಂತಿಲ್ಲ. ಅತ್ತೆಯ ಸುಳ್ಳು ಒಂದು ಗಳಿಗೆ ನಿಲ್ಲುವಂಥದ್ದಲ್ಲ. ನನ್ನ ನಿಜವನ್ನೇ ಎತ್ತಿ ಸರಸಕ್ಕನ ಕುತ್ತಿಗೆಗೆ ಹಾಕಿದರು.

ಮಿಂದೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಕಂಡವರು ಯಾರಿದ್ದರು? ಆದರೆ ಆ ಪುಣ್ಯಾತಗಿತ್ತಿಗೆ ಸುಳ್ಳು ಬರುತ್ತಿರಲಿಲ್ಲ. ಕೈಕಾಲು ತೊಳೆದು, ಸೀರೆ ಬದಲಾಯಿಸಿ ಹೋದೆ, ಮೀಯುವಷ್ಟು ಹೊತ್ತಿರಲಿಲ್ಲ, ಮಾವ ಕೂಡಲೇ ಬಾ ಎಂದು ಕರೆದರು ಎಂದರು. ಹೇಳುತ್ತಲೇ ಅಂಗಳದಿಂದ ಎರಡು ಮೆಟ್ಟಿಲು ಹತ್ತಿ ಮಾವನ ಎದುರಿಗೇ ಬಂದು ನಿಂತರು, ತುಟಿ ಕಾಣುವ ಹಾಗೆ.

"ಮಾವ, ನನ್ನನ್ನು ಯಾಕೆ ಕರೆದದ್ದು ಅಂತ ನೀವೇ ಹೇಳಿ."

ಎಲ್ಲರೂ ಮಾವನನ್ನು ನೋಡಿದರು. ಅವರಿಗೆ ಪ್ರಶ್ನೆ ಕೇಳಿಸಿತ್ತು, ನನಗೆ ಅದರಲ್ಲಿ ಏನೇನೂ ಅನುಮಾನ ಇಲ್ಲ. ನನಗೆ ಕಿವಿ ಕೇಳುವುದಿಲ್ಲ, ಇಷ್ಟು ವರ್ಷ ಕೇಳಿದ್ದು ಇವಳು, ಅದಕ್ಕೇ ಕರೆದೆ ಎಂದು ಹೇಳಿದ್ದರೆ ಸಾಕಿತ್ತು. ಎರಡು ಮಾತು. ಮಾವ ಹೆಗಲ ಶಾಲು ಸರಿಮಾಡಿಕೊಂಡರು.

"ನಾನು ಯಾರನ್ನೂ ಕರೆಯಲಿಲ್ಲ" ಎಂದರು. "ಭರಣಿಗೆ ಕಿವಿ ಕೊಡುವವನು ನಾನು. ಅಲ್ಲಿ ಹೆಂಗಸರಿಗೆ ಎಂತ ಕೆಲಸ?"

ಆಗಲಾದರೂ ಸರಸಕ್ಕ, ಇವರು ಕಿವುಡರು ಎಂದು ಕಿರುಚಬೇಕಿತ್ತು. ನಾನಾದರೂ ಕಿರುಚುತ್ತಿದ್ದೆ, ಬಾಯಿ ತೆರೆದೂ ಇದ್ದೆ, ಅವರು ನನ್ನ ಕಡೆ ನೋಡಿ ಬೇಡ ಎಂದು ತಲೆಯಾಡಿಸಿದರು. ಅಷ್ಟರಲ್ಲಿ ನಮ್ಮವರು ಬಂದು ರಟ್ಟೆ ಹಿಡಿದು ನನ್ನನ್ನು ಒಳಗೆ ಎಳೆದುಕೊಂಡು ಹೋದರು.

ಮರುದಿನ ಖಾಲಿ ಭರಣಿಗಳನ್ನೆಲ್ಲ ಹೊಳೆಗೆ ಇಳಿಸಿ ಅವರ ಕೈಯಿಂದಲೇ ತೊಳೆಸಿದರು. ಹಾಳುಮಾಡಿದವಳು ತೊಳೆಯಲಿ ಎಂದು ಅತ್ತೆಯ ಅಪ್ಪಣೆ. ಉಮಾ ದಡದಲ್ಲಿ ಕೂತು ನೋಡುತ್ತಿದ್ದಳು. ತೊಳೆದು ಮುಗಿದ ಮೇಲೆ ಊಟಕ್ಕೂ ಒಳಗೆ ಕರೆಯಲಿಲ್ಲ. ಶಿರ್ತಾಡಿಯಿಂದ ಸರಸಕ್ಕನ ಅಣ್ಣ ಬಂದು, ಮುಖ ಗಂಟಿಕ್ಕಿಕೊಂಡು, ತಾಯಿ ಮಗಳನ್ನು ಬಸ್ಸು ಹತ್ತಿಸಿದ. ಮನೆತನದ ಮರ್ಯಾದೆಗೆ ಕುಂದು ತರುವುದಿಲ್ಲ, ಪಾಲು ಕೇಳುವುದಿಲ್ಲ ಎಂದು ಅವನೇ ಮಾವನಿಗೆ ಮಾತು ಕೊಟ್ಟನಂತೆ. ತಂಗಿಯನ್ನು ಕೇಳುವ ಗೋಜಿಗೆ ಯಾರು ಹೋಗುತ್ತಾರೆ?

ಆಸವದ ಕೋಣೆ ವಾಸು ಭಾವನದ್ದಾಯಿತು. ದೀಪಾವಳಿ ಕಳೆದು ಹೊಸ ಭರಣಿಗಳನ್ನು ಹೂತ ಮೇಲೆ ಒಂದು ಬೆಳಗ್ಗೆ ಮಾವ ನನ್ನನ್ನು ಕರೆದರು. ಕೈಯಲ್ಲಿ ಹಿಡಿಸೂಡಿ ಇತ್ತು. ಕೋಣೆ ಗುಡಿಸಬೇಕು, ಬಾ ಎಂದರು. ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ನಾನು ಅವರ ಎದುರು ನಿಂತು, ತುಟಿ ಅಗಲಿಸಿ, ಅಲ್ಲಿ ಹೆಂಗಸರಿಗೆ ಎಂತ ಕೆಲಸ ಮಾವ ಎಂದೆ. ಮತ್ತೆ ಕರೆಯಲಿಲ್ಲ. ಆ ವರ್ಷದಿಂದ ಆ ಮನೆಯಲ್ಲಿಯೂ ಬೆಂಕಿಕಡ್ಡಿ ಗೀರಿ ನೋಡಲು ಶುರುಮಾಡಿದರು.

ಎರಡು ವರ್ಷದ ಮೇಲೆ ವಾಸು ಭಾವ ನಮ್ಮವರಿಗೆ ಬೆಳ್ತಂಗಡಿಯಲ್ಲಿ ಒಂದು ಅಂಗಡಿ ಹಾಕಿಕೊಟ್ಟರು. ಅಂಥ ಧಾರಾಳ ಬುದ್ಧಿ ಆ ಮನುಷ್ಯನಿಗೆ ಎಲ್ಲಿಂದ ಬಂತು ಎಂದು ನನಗೆ ಆಶ್ಚರ್ಯ. ಹೊಸ ಮನೆಯಲ್ಲಿ ಪಾತ್ರೆ ಜೋಡಿಸುತ್ತ ಕೇಳಿದೆ. ನಮ್ಮವರಿಗೆ ಆ ದಿನ ಅಂಗಡಿಯ ಸಂಭ್ರಮ, ಬಾಯಿ ಸಡಿಲ. ಕೊಡದೆ ಎಂತ ಮಾಡ್ತಾನೆ, ನಾನು ಇಲ್ಲದಿದ್ದರೆ ಕೋಣೆ ಅವನಿಗೆ ಸಿಗುತ್ತಿತ್ತಾ ಎಂದು ನಕ್ಕರು. ನಗುತ್ತಲೇ ಎಲ್ಲ ಹೇಳಿದರು. ನಾನು ಹಿತ್ತಿಲಲ್ಲಿ ಮಲಗಿದ್ದ ದಿನ ಅವರು ಪಾಣೆಮಂಗಳೂರಿಗೆ ಹೋಗಿಯೇ ಇರಲಿಲ್ಲ. ತಾನು ಹೊರಗಾದ ದಿನ ಬಿಟ್ಟರೆ ಸರಸಕ್ಕ ಆ ಬಾಗಿಲು ಬಿಟ್ಟು ಎದ್ದದ್ದು ವರ್ಷದಲ್ಲಿ ಅದೊಂದೇ ದಿನ, ಅದನ್ನು ಬಿಡಲಿಕ್ಕಾಗುತ್ತದೆಯೇ? ಮಾವ ಮಧ್ಯಾಹ್ನ ಮಲಗಿದಾಗ ನಮ್ಮವರೇ ಗೂಟದಲ್ಲಿದ್ದ ಬೀಗದಕೈ ತೆಗೆದುಕೊಟ್ಟರು. ಭಾವ ಒಳಗೆ ಹೋಗಿ ಒಂದೊಂದೇ ಭರಣಿಯ ಬಾಯಿ ಬಿಚ್ಚಿ, ಕದ್ದು ತರಿಸಿದ ಹುಳಿಕಳ್ಳು ಸುರಿದು, ಬಟ್ಟೆಯನ್ನು ಸಡಿಲವಾಗಿ ಕಟ್ಟಿ ಮಣ್ಣು ಬಳಿದರು. ಇವರು ಬಾಗಿಲಲ್ಲಿ ಕಾವಲು. ಕೊಡೆ ಒದ್ದೆಯಾಗಲಿ ಎಂದು ಆಮೇಲೆ ಬಾವಿಕಟ್ಟೆಯಲ್ಲಿ ನೀರು ಹಾಕಿಕೊಂಡರಂತೆ.

"ನರ್ಸಮ್ಮ?" ಎಂದೆ.

"ಹೇಗೂ ಹೋಗಿ ಆಗಿತ್ತಲ್ಲ ಮಾರಾಯ್ತಿ" ಎಂದರು. "ಆಮೇಲೆ ಮಕ್ಕಳಾಗುವುದಿಲ್ಲವಾ?"

ಅವರ ಜೊತೆ ನಲವತ್ತು ವರ್ಷ ಸಂಸಾರ ಮಾಡಿದೆ. ಮೂರು ಮಕ್ಕಳನ್ನು ಹೆತ್ತೆ. ಅನ್ನ ಬಡಿಸಿದೆ, ಕಾಯಿಲೆ ಬಿದ್ದಾಗ ನೋಡಿಕೊಂಡೆ. ಕ್ಷಮಿಸಲಿಲ್ಲ. ಸಾಯುವಾಗ ಕೇಳಿದರು, ಆಗಲೂ ಇಲ್ಲ ಎಂದೆ.

ಬೆಳ್ತಂಗಡಿಯಲ್ಲಿ ಅವರು ಬಾಯಿಬಿಟ್ಟ ಆ ವಾರವೇ ವೇಣೂರಿನ ಮೇಲೆ ಹೋಗುವ ಬಸ್ಸು ಹಿಡಿದು ಶಿರ್ತಾಡಿಗೆ ಹೋದೆ. ನಿಮ್ಮದು ತಪ್ಪಿಲ್ಲ ಎಂದು ಸರಸಕ್ಕನ ಎದುರು ನಿಂತು ಹೇಳಬೇಕಿತ್ತು ನನಗೆ, ಪಾಲು ಕೇಳಿ ಎಂದು ಹೇಳಬೇಕಿತ್ತು. ಬೇಕಾದರೆ ಕೋರ್ಟಿನಲ್ಲಿ ಗಂಡನ ವಿರುದ್ಧ ಸಾಕ್ಷಿ ಹೇಳಲಿಕ್ಕೂ ಸಿದ್ಧವಾಗಿದ್ದೆ. ಅಣ್ಣನ ಮನೆಯ ಹಿಂದೆ ಕಟ್ಟಿಗೆ ಒಟ್ಟುವ ಮಾಡಿನ ಕೆಳಗೆ ಅವರಿಗೆ ಜಾಗ. ಉಮಾ ಶಾಲೆ ಬಿಟ್ಟಿದ್ದಳು, ಸೋದರಮಾವನ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ನಿಂತಿದ್ದಳು. ಸರಸಕ್ಕ ಅರ್ಧ ಆಗಿದ್ದರು. ಅಣ್ಣನ ಹೆಂಡತಿ ಉಪ್ಪಿನಕಾಯಿಯ ಭರಣಿ ಹಿಡಿದು ಆ ಕಡೆ ಹಾದುಹೋದಾಗ ಯಾರೂ ಹೇಳದೆ ತಾವಾಗಿಯೇ ಎದ್ದು ದೂರ ಸರಿದು ನಿಂತರು.

ಎಲ್ಲ ಹೇಳಿದೆ. ಬೀಗದಕೈ, ಕಳ್ಳು, ಕಾವಲು, ಒಂದನ್ನೂ ಬಿಡಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತ ಕೇಳಿದರು. ಸಿಟ್ಟು ಬರಲಿ ಎಂದು ಕಾದೆ, ಅಳು ಆದರೂ ಬರಲಿ ಎಂದು ಕಾದೆ.

"ನನಗೆ ಸಮಾಧಾನ ಆಗಲಿ ಅಂತ ಹೇಳ್ತಿದ್ದಿ ನೀನು" ಎಂದರು ಕೊನೆಗೆ. "ಅನ್ನ ಹಾಕಿದ ಮನೆ ಅದು, ಅಷ್ಟು ಕೆಟ್ಟವರಲ್ಲ. ನಾನು ಮೀಯದೆ ಒಳಗೆ ಹೋದದ್ದು ಹೌದಲ್ಲ ಸುಮತಿ? ಅದು ಸುಳ್ಳಲ್ಲವಲ್ಲ?"

ಅವರೇ ಬಾಯಿ ಬಿಟ್ಟು ಹೇಳಿದ್ದಾರೆ, ನನ್ನ ಗಂಡನೇ ಹೇಳಿದ್ದು ಎಂದು ಎಷ್ಟು ಬಡಿದುಕೊಂಡರೂ ಕೇಳಲಿಲ್ಲ. ಎಷ್ಟು ಜನರ ಮದ್ದು ನನ್ನಿಂದ ಹಾಳಾಯಿತು ಎಂದು ಅವರಿಗೆ ಚಿಂತೆ. ಅಲ್ಲ, ನಾಲ್ಕು ಜನ ಸೇರಿ ಮನೆಯಿಂದ ಹೊರಗೆ ಹಾಕಿದ್ದು ಸಾಲದೆ, ಆ ಪಾಪವನ್ನೂ ಅವರ ಎದೆಯೊಳಗೇ ಇಟ್ಟು ಕಳಿಸಿದ್ದರು.

ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಏನು ಹೇಳುವುದೆಂದು ತಿಳಿಯದೆ ಅವರ ಕೈ ಹಿಡಿಯಲು ಮುಂದೆ ಬಂದೆ. ಸರಸಕ್ಕ ಥಟ್ಟನೆ ಒಂದು ಹೆಜ್ಜೆ ಹಿಂದೆ ಸರಿದರು. ಸೆರಗನ್ನು ಮೈಗೆ ಎಳೆದುಕೊಂಡು, ತಗ್ಗಿದ ದನಿಯಲ್ಲಿ, ನೀನು ಹೊರಗೆ ಅಲ್ಲವಲ್ಲ ಎಂದು ಕೇಳಿದರು.

ಅಲ್ಲ ಎಂದೆ. ಆಮೇಲೆ ಮುಟ್ಟಿದರು.